ಕ್ಷಮಿಸುವ ಅವಸರ ನಿನಗ್ಯಾಕೆ?

ಹಾಸನ
ಹಾಸನಾಂಬೆ ಬಾಗಿಲು ಹಾಕಿದ ಮರುದಿನ

ಪ್ರೀತಿಯ ಹುಡುಗಿ,

ನಿನ್ನ ನೋಟ್‌ಬುಕ್ ಬಂದು ಹದಿನೈದು ದಿನವಾಯಿತು. ಹಾಸನಾಂಬೆ ದರ್ಶನಕ್ಕೆ ಬಂದ ನೆಂಟರು, ಬಾಗಿಲ ತುಂಬ ಚಪ್ಪಲಿ. ಓದಲು ಆಗಲೇ ಇಲ್ಲ. ನಿನ್ನೆ ಕೊನೆಯ ನೆಂಟರು ಬಸ್ಸು ಹತ್ತಿದ ಮೇಲೆ ಒಂದೇ ಪಟ್ಟಿಗೆ ಕೂತು ಓದಿದೆ. ನನ್ನನ್ನು 'ಮೇಡಂ' ಅನ್ನಬೇಡ. ನಿಮ್ಮಮ್ಮನಿಗಿಂತ ದೊಡ್ಡವಳು, ದೊಡ್ಡಮ್ಮ ಅನ್ನು ಸಾಕು.

ಯಾವ ಪತ್ರಿಕೆಗೆ ಕಳಿಸಬೇಕು, ಎಷ್ಟು ಪುಟ ಇರಬೇಕು, ನುಡಿ, ಬರಹ ಎರಡರಲ್ಲಿ ಯಾವ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ. ನನ್ನ ಜಗಳ ಇರುವುದು ನಿನ್ನ ಕೊನೆಯ ಎರಡು ಪುಟದ ಮೇಲೆ.

ಮೊದಲು ಚೆನ್ನಾಗಿರುವುದನ್ನು ಹೇಳಿಬಿಡುತ್ತೇನೆ. 23ನೇ ಪುಟ. ಅರಕಲಗೂಡಿನಿಂದ ಹೆಣ್ಣು ನೋಡಲು ಬಂದವರು ಎದ್ದು ಹೋಗಿದ್ದಾರೆ. ನಿಮ್ಮಮ್ಮ ಲೋಟ ಎತ್ತಿಡುತ್ತಿದ್ದಾರೆ. ಎಲ್ಲ ಲೋಟ ಖಾಲಿ, ಹುಡುಗನ ತಾಯಿಯ ಲೋಟದಲ್ಲಿ ಮಾತ್ರ ಮುಕ್ಕಾಲು ಕಾಫಿ ಹಾಗೇ ಇದೆ. 'ಚಿಕೋರಿ ಜಾಸ್ತಿ ಆಯ್ತೇನೋ' ಅನ್ನುತ್ತಾರೆ. ಆಮೇಲೆ ಆರಿ ಕೆನೆಗಟ್ಟಿದ ಆ ಕಾಫಿಯನ್ನು, ಎಂಜಲು ಅಂತಲೂ ನೋಡದೆ, ನಿಂತಲ್ಲೇ ಕುಡಿದುಬಿಡುತ್ತಾರೆ. ನೀನು ಅಡುಗೆಮನೆ ಬಾಗಿಲ ಸಂದಿಯಿಂದ ನೋಡುತ್ತಿದ್ದೀಯ. ಅಲ್ಲಿ ನಾನು ಪೆನ್ಸಿಲ್ ಕೆಳಗಿಟ್ಟೆ ಕಣೇ.

ಇಡೀ ನೋಟ್‌ಬುಕ್ಕಿನಲ್ಲಿ 'ನಾನು ಯಾರು?' ಅಂತ ಹನ್ನೊಂದು ಸಲ ಕೇಳಿದ್ದೀಯ. ಎಣಿಸಿದೆ. ಮಗಳೋ, ಬ್ರೋಕರ್ ಚೀಟಿಯ 'ಬಿ.ಕಾಂ., ಐದು ಅಡಿ ಎರಡು' ಹುಡುಗಿಯೋ, ಇನ್ಯಾರೋ ಅಂತ. ಸುಮ್ನೆ ಆ ಹನ್ನೊಂದನ್ನೂ ಹೊಡೆದುಹಾಕು. ಬಾಗಿಲ ಸಂದಿಯಲ್ಲಿ ನಿಂತವಳು ನನಗೆ ಚೆನ್ನಾಗಿಯೇ ಕಾಣಿಸಿದಳು.

ಈಗ ಆ ಕೊನೆಯ ಪುಟಗಳು. ಕೆಲಸ ಬಿಡಿಸಿದ ಅಪ್ಪ, 'ವಯಸ್ಸು ಮೀರುತ್ತಿದೆ' ಅಂತ ಮದುವೆಮನೆಯಲ್ಲಿ ಎಲ್ಲರೆದುರು ಅಂದ ಅತ್ತೆ, ಏನೂ ಮಾತಾಡದ ಅಣ್ಣ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕ್ಷಮಿಸಿಬಿಟ್ಟಿದ್ದೀಯ. ಕೊನೆಗೆ ಅಮ್ಮನ ಕಾಲು ಮುಟ್ಟಿ 'ತಾಯಿಯೇ ದೇವರು' ಅಂದು ಮುಗಿಸಿದ್ದೀಯ. ಮೂವತ್ತೆಂಟು ಪುಟದ ಸಿಟ್ಟು ಎಲ್ಲಿ ಹೋಯಿತು? ಜೊತೆಗಿಟ್ಟ ಪತ್ರದಲ್ಲಿ ನೀನೇ ಬರೆದಿದ್ದೀಯಲ್ಲ, ಅಮ್ಮನ ಹತ್ತಿರ ಮಾತು ಬಿಟ್ಟು ಮೂರು ವಾರ ಆಯಿತು ಅಂತ! ಮನೆಯವರು ಓದಿದರೆ ಅನ್ನುವ ಹೆದರಿಕೆ. ಗೊತ್ತು. ನನಗೆ ಗೊತ್ತಿರುವಷ್ಟು ನಿನಗೂ ಗೊತ್ತಿರಲಿಕ್ಕಿಲ್ಲ.

1987ರಲ್ಲಿ ನಾನೊಂದು ಕತೆ ಬರೆದೆ. ನಮ್ಮತ್ತೆ ನಾನು ಬರೆದಿಟ್ಟ ಹಾಳೆಗಳನ್ನು ಬಚ್ಚಲ ಹಂಡೆಯ ಒಲೆಗೆ ಹಾಕಿದ್ದರು. ಬೇಕಂತಲೇ. ಅವರಿಗೆ ಓದು ಬರುತ್ತಿತ್ತು. ಕತೆಯಲ್ಲಿ ಮಾತ್ರ ಅತ್ತೆಗೆ ಓದು ಬರುವುದಿಲ್ಲ, ರದ್ದಿ ಅಂದುಕೊಂಡು ಉರಿಗೆ ಹಾಕುತ್ತಾಳೆ, ತಿಳಿದ ಮೇಲೆ ಅತ್ತು ಸಂತೆಯಿಂದ ಹೊಸ ನೋಟ್‌ಬುಕ್ ತಂದುಕೊಡುತ್ತಾಳೆ. ಒಂದು ವಾರಪತ್ರಿಕೆ ಚಿತ್ರ ಹಾಕಿಸಿ ಅಚ್ಚು ಮಾಡಿತು. ಸಂಪಾದಕರು 'ಸಂಸಾರದ ಬೆಲೆ ಬಲ್ಲ ಲೇಖಕಿ' ಅಂದರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಅದು ಬೇರೆ ಮಾತು. ಹೊಗಳಿಕೆ ಸಿಹಿಯಾಗಿತ್ತು. ಇಪ್ಪತ್ತು ವರ್ಷ ಅಂಥವನ್ನೇ ಬರೆದೆ.

ನಮ್ಮತ್ತೆ ಆ ಪತ್ರಿಕೆಯನ್ನು ಬೀರುವಿನಲ್ಲಿ ಇಟ್ಟುಕೊಂಡಿದ್ದರು. ಮನೆಗೆ ಬಂದವರಿಗೆಲ್ಲ 'ನಮ್ಮ ಸೊಸೆ ಬರೆದದ್ದು' ಅಂತ ತೋರಿಸುತ್ತಿದ್ದರು. ಆಗ ನಮ್ಮಿಬ್ಬರ ಕಣ್ಣೂ ಒಂದು ಗಳಿಗೆ ಸೇರುತ್ತಿತ್ತು. ಕತೆ ಬರೆಯದೆ ಇದ್ದಿದ್ದರೆ ಯಾವತ್ತೋ ಒಂದು ದಿನ 'ಯಾಕೆ ಸುಟ್ಟಿರಿ?' ಅಂತ ಕೇಳಬಹುದಿತ್ತು. ಆಮೇಲೆ ಕೇಳುವ ಹಾಗೇ ಇರಲಿಲ್ಲ. ಅವರು ಹೋಗಿ ಹದಿನಾಲ್ಕು ವರ್ಷವಾಯಿತು.

ಹಾಸನಾಂಬೆ ಗುಡಿಯ ಸೊಸೆ ಕಲ್ಲಿನ ಕತೆ ಕೇಳಿದ್ದೀಯ, ಅಲ್ವಾ? ಅತ್ತೆಯ ಕಾಟ ತಾಳಲಾರದೆ ದೇವಿಯನ್ನು ಕೂಗಿಕೊಂಡ ಸೊಸೆ ಕಲ್ಲಾದಳಂತೆ. ವರ್ಷಕ್ಕೆ ಒಂದು ಭತ್ತದ ಕಾಳಿನಷ್ಟು ದೇವಿಯ ಕಡೆ ಸರಿಯುತ್ತಾಳಂತೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದಂತೆ. ನಮ್ಮಜ್ಜಿ ಎಷ್ಟೋ ಸಲ ಹೇಳಿದ್ದಾಳೆ. ಆ ಸೊಸೆ ಅತ್ತೆಯನ್ನು ಕ್ಷಮಿಸಿದಳು ಅಂತ ಒಂದು ಸಲವೂ ಸೇರಿಸಲಿಲ್ಲ.

ಬಾನು ಮುಷ್ತಾಕ್ ನಮ್ಮೂರಿನವರು, ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂದಾಗಿನಿಂದ ನನಗೆ ನಿದ್ದೆಯೇ ಇಲ್ಲ ಅಂತ ಬರೆದಿದ್ದೀಯ. 2025ರಲ್ಲಿ ಪ್ರಶಸ್ತಿ ಬಂದಾಗ ಅವರಿಗೆ 77 ವರ್ಷ. ಪ್ರಶಸ್ತಿ ಬಂದ 'ಹಾರ್ಟ್ ಲ್ಯಾಂಪ್' ಪುಸ್ತಕದ 12 ಕತೆಗಳು 1990ರಿಂದ 2023ರವರೆಗೆ ಬರೆದವು. ನಿನಗಿನ್ನೂ ಇಪ್ಪತ್ತೇಳು. ಮಲಗು.

ತಮಾಷೆ ಸಾಕು. ನಿಜವಾಗಿಯೂ ತಿಂಗಳುಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಅಂದರೆ ಅದು ಬರೆದು ತೀರಿಸಿಕೊಳ್ಳುವ ವಿಷಯವಲ್ಲ. ಬಾಣಂತನದಲ್ಲಿ ನನಗೂ ಹಾಗೇ ಆಗಿತ್ತು. ದೃಷ್ಟಿ ತೆಗೆದರು, ತಾಯತ ಕಟ್ಟಿಸಿದರು. ಡಾಕ್ಟರ ಹತ್ತಿರ ಯಾರೂ ಕರೆದುಕೊಂಡು ಹೋಗಲಿಲ್ಲ, ನಾನೂ ಕೇಳಲಿಲ್ಲ. ನೋವಿದ್ದರೇ ಬರಹ ಅನ್ನುವವರ ಮಾತು ಕಟ್ಟಿಕೊಂಡು ಕೂರಬೇಡ. 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳುವ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಹಗಲೂ ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಒಬ್ಬಳೇ ಡಾಕ್ಟರ ಹತ್ತಿರ ಹೋಗಲು ಮುಜುಗರವಾದರೆ ಸಕಲೇಶಪುರದಿಂದ ಬೆಳಿಗ್ಗೆಯ ಬಸ್ಸಿಗೆ ಬಾ. ದೊಡ್ಡಾಸ್ಪತ್ರೆಗೆ ನಾನೇ ಜೊತೆಗೆ ಬರುತ್ತೇನೆ.

ನೋಟ್‌ಬುಕ್ ವಾಪಸ್ ಕಳಿಸುತ್ತಿದ್ದೇನೆ. ಕೊನೆಯ ಎರಡು ಪುಟಗಳಿಗೆ ಸ್ಟೇಪ್ಲರ್ ಹೊಡೆದಿದ್ದೇನೆ, ಹರಿಯಲು ಕೈ ಬರಲಿಲ್ಲ. 23ನೇ ಪುಟದ ಕಾಫಿ ಕಲೆ ನನ್ನದು, ಬೈಯಬೇಡ.

ಇಂತಿ,
ನಿನ್ನ ದೊಡ್ಡಮ್ಮ