ಕಾನ್ಸರ್ಟೊ ಬೇರೆ, ಸೋಲೋ ಕಛೇರಿ ಮಂಗಳವಾರ: ಟಿಕೆಟ್ ಕೊಂಡವರಿಗೆ ಪತ್ರ

ಪ್ರಿಯ ಸದಸ್ಯರೇ, ಟಿಕೆಟ್ ಕೊಂಡ ಗೆಳೆಯರೇ,

ಶುಕ್ರವಾರ, ಶನಿವಾರದ ಕಾನ್ಸರ್ಟೊ (ಇಲ್ಲಿ, ಆರ್ಕೆಸ್ಟ್ರಾ ಜೊತೆ ಪಿಯಾನೋ ನುಡಿಸುವ ಕೃತಿ) ಸಂಜೆಗಳು ಹೇಳಿದ ದಿನವೇ ನಡೆಯುತ್ತವೆ. ನುಡಿಸುವ ಕೃತಿ ಮಾತ್ರ ಬೇರೆ. ರಾಖ್ಮಾನಿನೋಫ್ ಅವರ ಮೂರನೇ ಕಾನ್ಸರ್ಟೊ ಬದಲು ಬೀಥೋವನ್ ಅವರ ನಾಲ್ಕನೆಯದು. ಭಾನುವಾರ ಇದ್ದ ಸೋಲೋ ಕಛೇರಿ ಮಂಗಳವಾರ ಸಂಜೆ ನಡೆಯುತ್ತದೆ.

ತಪ್ಪು ನಮ್ಮದೇ. ಮೂರು ಸಂಜೆ ಒಟ್ಟಿಗೆ ಇಟ್ಟರೆ ದೂರದಿಂದ ಬರುವವರಿಗೆ ಅನುಕೂಲ ಅಂತ ಲೆಕ್ಕ ಹಾಕಿದೆವು. ನುಡಿಸುವವರ ಕೈಗಳನ್ನು ಆ ಲೆಕ್ಕಕ್ಕೆ ಸೇರಿಸಲಿಲ್ಲ. ರಾಖ್ಮಾನಿನೋಫ್ 1909ರಲ್ಲಿ ಬರೆದು ತಾವೇ ನುಡಿಸಿದ ಆ ಕೃತಿ 40 ನಿಮಿಷದ ಆಸುಪಾಸು ಇರುತ್ತದೆ. ಅದರಲ್ಲಿ ಪಿಯಾನೋಗೆ ಬಿಡುವು ತೀರಾ ಕಡಿಮೆ. ಎರಡು ಸಂಜೆ ಅದನ್ನು ನುಡಿಸಿ, ಮರುದಿನವೇ ಒಬ್ಬರೇ ಕೂತು ಇಡೀ ಕಛೇರಿ ಕೊಡಿ ಅಂದರೆ ಹೇಗೆ? ರಿಹರ್ಸಲ್ ಹೊತ್ತಿಗೇ ಕಲಾವಿದೆಯ ಬಲ ಮಣಿಕಟ್ಟು ನೋಯುತ್ತಿತ್ತು. ಅವರು ಆಗಲ್ಲ ಅನ್ನಲಿಲ್ಲ. ನಾವೇ ಕೃತಿ ಬದಲಿಸೋಣ ಅಂದೆವು.

ಬೀಥೋವನ್ ಸುಲಭ ಅಂತಲ್ಲ, ಅದರ ಕಷ್ಟವೇ ಬೇರೆ ಥರದ್ದು. ಎರಡನೇ ಭಾಗದಲ್ಲಿ ತಂತಿವಾದ್ಯಗಳು ಗದರುತ್ತವೆ, ಪಿಯಾನೋ ಮೆಲ್ಲಗೆ ಉತ್ತರ ಕೊಡುತ್ತದೆ. ಬರಬರುತ್ತಾ ಗದರುವವರೇ ತಣ್ಣಗಾಗುತ್ತಾರೆ. ನಮ್ಮಲ್ಲಿ ಒಂದಿಬ್ಬರಿಗೆ ಈ ಬದಲಾವಣೆಯಿಂದ ಒಳಗೊಳಗೇ ಖುಷಿ, ಸುಳ್ಳು ಹೇಳುವುದೇಕೆ!

ಮಂಗಳವಾರದ ಪಟ್ಟಿ ಬದಲಾಗಿಲ್ಲ. ಶೂಬರ್ಟ್ 1828ರಲ್ಲಿ, ತೀರಿಕೊಳ್ಳುವ ಸುಮಾರು ಎರಡು ತಿಂಗಳು ಮೊದಲು ಮುಗಿಸಿದ ಬಿ ಫ್ಲಾಟ್ ಸೊನಾಟಾ, ಅಂದರೆ ಪಿಯಾನೋ ಒಂದಕ್ಕೇ ಬರೆದ ಹಲವು ಭಾಗಗಳ ಕೃತಿ, ಇದ್ದೇ ಇದೆ. ನಡುವೆ ಎರಡು ದಿನ ಸಿಕ್ಕಿದ್ದರಿಂದ ಟ್ಯೂನರ್‌ಗೂ ಪುರುಸೊತ್ತು. ಗ್ರ್ಯಾಂಡ್ ಪಿಯಾನೋದಲ್ಲಿ ಇನ್ನೂರಕ್ಕೂ ಜಾಸ್ತಿ ತಂತಿಗಳಿವೆ. ಆರ್ಕೆಸ್ಟ್ರಾ ಜೊತೆ ಎರಡು ಸಂಜೆ ನುಡಿಸಿದ ಮೇಲೆ ಶ್ರುತಿಯನ್ನು ಮತ್ತೆ ನೋಡಲೇಬೇಕು.

ಹಳೆಯ ಟಿಕೆಟ್‌ಗಳೇ ನಡೆಯುತ್ತವೆ. ಮಂಗಳವಾರ ಬರಲಾಗದವರು ವಾಪಸ್ ಕೊಡಿ, ಪೂರ್ತಿ ಹಣ ಕೊಡುತ್ತೇವೆ. ರಾಖ್ಮಾನಿನೋಫ್‌ಗಾಗಿಯೇ ಕೊಂಡಿದ್ದವರಿಗೂ ಅಷ್ಟೇ, ಕಾರಣ ಕೇಳುವುದಿಲ್ಲ.

ಇನ್ನೊಂದು ಮಾತು. ಬೀಥೋವನ್ ಇಲ್ಲಿ ಆರ್ಕೆಸ್ಟ್ರಾವನ್ನು ಕಾಯಿಸಿ, ಪಿಯಾನೋದಿಂದಲೇ ಶುರು ಮಾಡುತ್ತಾರೆ. ಒಂಟಿ ಪಿಯಾನೋ, ತೀರಾ ಮೆಲ್ಲಗೆ, ಐದೇ ಬಾರ್, ಅಂದರೆ ತಾಳದ ಐದೇ ಸುತ್ತು. ಆಮೇಲೆ ಅದು ಬಹಳ ಹೊತ್ತು ಸುಮ್ನೆ ಇರುತ್ತದೆ. ಆಗ ಯಾರೋ ಕುರ್ಚಿ ಹುಡುಕುತ್ತಿದ್ದರೆ ಆ ಶುರುವೇ ಹೋಯಿತು, ಅಲ್ವಾ? ಅದಕ್ಕೇ ಐದು ನಿಮಿಷ ಮುಂಚೆ ಬಾಗಿಲು ಹಾಕುತ್ತೇವೆ. ತಡವಾದವರನ್ನು ಮೊದಲ ಭಾಗ ಮುಗಿದ ಮೇಲೆ ಒಳಗೆ ಬಿಡುತ್ತೇವೆ.

ಇಂತಿ,
ನಿಮ್ಮ ಸಂಗೀತ ಸಹಕಾರಿ ಬಳಗ