ಸೈಕಲ್ ಸ್ಟ್ಯಾಂಡಿನ ಸದ್ದು

ರಿಪ್ಪನ್‌ಪೇಟೆ,
ಮಂಗಳವಾರ ರಾತ್ರಿ

ಪ್ರೀತಿಯ ಪುಟ್ಟಿ,

ಭಾನುವಾರ ರಾತ್ರಿ ಫೋನ್ ಮಾಡಿ, "ಅಪ್ಪಯ್ಯ, ಬೈಬೇಡ, ಒಂದು ಮಾತು ಹೇಳ್ತೀನಿ" ಅಂದೆ. ಗೆಳತಿಯರ ಜೊತೆ ಕುಡಿಯೋಕೆ ಶುರು ಮಾಡಿ ನಾಲ್ಕು ತಿಂಗಳಾಯಿತು, ಈಗ ಒಬ್ಬಳೇ ಇದ್ದಾಗಲೂ ಬೇಕು ಅನ್ನಿಸುತ್ತೆ, ಕುಡಿಯದಿದ್ದರೆ ನಿದ್ದೆ ಬರಲ್ಲ ಅಂದೆ. ನಾನು "ಊಟ ಆಯ್ತಾ?" ಅಂತ ಕೇಳಿ ಫೋನ್ ಇಟ್ಟುಬಿಟ್ಟೆ. ಸಿಟ್ಟು ಬಂದಿರಲಿಲ್ಲ ಮಗಳೇ. ಮಾತೇ ಹೊರಡಲಿಲ್ಲ. ಎರಡು ದಿನದಿಂದ ಅಂಗಳದಲ್ಲಿ ಅಡಿಕೆ ಹರವುತ್ತಾ ಅದನ್ನೇ ಯೋಚನೆ ಮಾಡುತ್ತಿದ್ದೇನೆ. ಬಾಯಲ್ಲಿ ಹೇಳೋಕೆ ಆಗದ್ದನ್ನು ಬರೆದಾದರೂ ಹೇಳೋಣ ಅಂತ ಕೂತಿದ್ದೇನೆ. ನಿನ್ನ ಅಮ್ಮ ಮಲಗಿದ್ದಾಳೆ.

23 ವರ್ಷ ಕುಡಿದವನು ನಾನು. ನಿನಗೆ ಬುದ್ಧಿ ಹೇಳೋ ಹಕ್ಕು ನನಗಿಲ್ಲ. ಆದರೆ ಕುಡಿತ ಎಲ್ಲಿಂದ ಬರುತ್ತೆ ಅನ್ನೋದು ನನಗೆ ಗೊತ್ತು. ಅದನ್ನು ನಿನಗೆ ಹೇಳದೆ ಇರೋ ಹಕ್ಕೂ ನನಗಿಲ್ಲ.

ನಿನ್ನ ಅಜ್ಜನಿಂದಲೇ ಶುರು ಮಾಡುತ್ತೇನೆ. ಅಜ್ಜನ ಊರು ಶರಾವತಿ ಹಿನ್ನೀರಿನಲ್ಲಿ ಮುಳುಗಿದ್ದು ನಿನಗೆ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅವನಿಗೆ 24 ವರ್ಷ. ಗದ್ದೆ, ತೋಟ, ಚೌಡಿ ಬನ ಎಲ್ಲಾ ನೀರಿಗೆ ಹೋಯಿತು. ದನ, ಪಾತ್ರೆ, ಹಳೇ ಮನೆಯ ಬಾಗಿಲು, ಇಷ್ಟನ್ನು ಲಾರಿಗೆ ಹೇರಿಕೊಂಡು ಈ ಕಡೆ ಬಂದವರು ಅವರು. ನಾವು ಸಣ್ಣವರಿದ್ದಾಗ ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜ ಒಬ್ಬನೇ ಹೋಗಿ ಹಳೇ ಜಾಗ ನೋಡಿಕೊಂಡು ಬರುತ್ತಿದ್ದ. ಬಂದ ದಿನ ಯಾರ ಹತ್ತಿರವೂ ಮಾತಿಲ್ಲ. ಸಂಜೆ ಸಾರಾಯಿ. ಅವನಿಗೆ ಸಂಕಟ ಇತ್ತು ಅಂತ ನನಗೆ ಹೊಳೆದಿದ್ದು ಅವನು ಸತ್ತು ಎಷ್ಟೋ ವರ್ಷದ ಮೇಲೆ. ಆಗ ಕಾಣುತ್ತಿದ್ದದ್ದು ಅವನ ಸಿಟ್ಟು ಮಾತ್ರ.

ನನಗೆ ಎಂಟು ವರ್ಷ ಇರಬಹುದು. ರಾತ್ರಿ ಅಜ್ಜನ ಸೈಕಲ್ ಅಂಗಳಕ್ಕೆ ಬರೋದನ್ನೇ ಕಾಯುತ್ತಾ ಮಲಗುತ್ತಿದ್ದೆ. ಸ್ಟ್ಯಾಂಡ್ ಒಂದೇ ಸಲಕ್ಕೆ 'ಟಕ್' ಅಂತ ನಿಂತರೆ ಅವತ್ತು ಉಂಡು ಮಲಗುತ್ತಾನೆ. ಎರಡು ಮೂರು ಸಲ ಒದ್ದರೆ ಕೂಗಾಟ. ಸೈಕಲ್ಲೇ ಬಿದ್ದ ಸದ್ದು ಕೇಳಿದರೆ ನಾನೂ ನಿನ್ನ ಅತ್ತೆಯೂ ಹಿಂಬಾಗಿಲಿಂದ ಕೊಟ್ಟಿಗೆಗೆ ಓಡಿ, ಹುಲ್ಲಿನ ಹಿಂದೆ ಕೂರುತ್ತಿದ್ದೆವು. ಅತ್ತೆ ನನ್ನ ಬಾಯಿ ಮುಚ್ಚಿ ಹಿಡಿಯುತ್ತಿದ್ದಳು. ಪಾತ್ರೆ ತಿಕ್ಕಿದ ಅವಳ ಕೈಯಲ್ಲಿ ಹುಣಸೆಹಣ್ಣು, ಬೂದಿಯ ವಾಸನೆ. ಈಗಲೂ ಹುಣಸೆಹಣ್ಣು ಕಿವುಚುವಾಗ ಒಮ್ಮೊಮ್ಮೆ ನನ್ನ ಎದೆ ಹೊಡೆದುಕೊಳ್ಳುತ್ತೆ.

ಸೈಕಲ್ ಹೋಯಿತು, ಅಜ್ಜನೂ ಹೋದ. ಆ ಕಿವಿ ಮಾತ್ರ ಮಲಗಲೇ ಇಲ್ಲ. ಮದುವೆ ಮನೆಯಲ್ಲಿ ಪಾತ್ರೆ ಬಿದ್ದರೂ ನಾನು ಬೆಚ್ಚುತ್ತಿದ್ದೆ. ಯಾರಾದರೂ ಸ್ವಲ್ಪ ಜೋರಾಗಿ ಮಾತಾಡಿದರೆ ಬಾಗಿಲು ಎಲ್ಲಿದೆ ಅಂತ ನೋಡುತ್ತಿದ್ದೆ. ಎಲ್ಲರಿಗೂ ಹೀಗೇ ಇರುತ್ತೆ ಅಂದುಕೊಂಡಿದ್ದೆ. 1993ರ ಅಡಿಕೆ ಕೊನೆಕೊಯ್ಲಿನಲ್ಲಿ, 19ನೇ ವಯಸ್ಸಿಗೆ, ಮೊದಲ ಸಲ ಕುಡಿದೆ. ರುಚಿ ಅನ್ನಿಸಲಿಲ್ಲ. ಆದರೆ ಹುಟ್ಟಿದ ಮೇಲೆ ಮೊದಲ ಸಲ ಆ ಕಿವಿ ಸುಮ್ಮನಾಯಿತು. ಅಷ್ಟು ಹಾಯಾಗಿ ನಾನು ಯಾವತ್ತೂ ಕೂತಿರಲಿಲ್ಲ. ಆಮೇಲಿನ 23 ವರ್ಷ ನಾನು ಹುಡುಕಿದ್ದು ಆ ಒಂದು ಸಂಜೆಯನ್ನೇ ಪುಟ್ಟಿ. ಅದು ಮತ್ತೆ ಸಿಗಲಿಲ್ಲ.

ಜನ ಇದನ್ನು ಚಟ ಅಂತಾರೆ, ಮನಸ್ಸು ಗಟ್ಟಿ ಇಲ್ಲ ಅಂತಾರೆ. ನಾನು ಏಳು ಸಲ ಅಯ್ಯಪ್ಪ ಮಾಲೆ ಹಾಕಿದ್ದು ನಿನಗೆ ನೆನಪಿರಬಹುದು. 41 ದಿನ ಒಂದು ತೊಟ್ಟೂ ಮುಟ್ಟುತ್ತಿರಲಿಲ್ಲ. ಮನಸ್ಸು ಗಟ್ಟಿ ಇಲ್ಲದವನಿಗೆ ಅದು ಆಗುತ್ತಾ? ಸಂಕ್ರಾಂತಿ ಮುಗಿಸಿ ಬಂದು ಮಾಲೆ ತೆಗೆದ ಸಂಜೆಗೇ ಮತ್ತೆ ಅಂಗಡಿ ಮುಂದೆ ನಿಂತಿರುತ್ತಿದ್ದೆ. ಮಾಲೆ ಹಾಕಿದಾಗ ಜೊತೆಗೆ ಹತ್ತು ಜನ, ಬೆಳಿಗ್ಗೆ ಸಂಜೆ ಪೂಜೆ, ಭಜನೆ, ಎಲ್ಲರೂ ಬಾಯಿ ತುಂಬಾ 'ಸ್ವಾಮಿ' ಅನ್ನೋರು. ಮಾಲೆ ತೆಗೆದರೆ ಅದೇ ಮನೆ, ಅದೇ ರಾತ್ರಿ, ಅದೇ ಕಿವಿ.

ನಿನ್ನ ಅಮ್ಮ ಯಾರದೋ ಮಾತು ಕೇಳಿ ಸಾರಿನಲ್ಲಿ ಪುಡಿ ಬೆರೆಸಿ ಕೊಟ್ಟಿದ್ದೂ ಉಂಟು. ಕುಡಿದ ತಕ್ಷಣ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಒಡೆದು ಹೋಗುತ್ತೇನೋ ಅನ್ನಿಸಿತು. ಡಾಕ್ಟರು ಕುಡಿಯುವವನಿಗೆ ಹೇಳಿ, ಒಪ್ಪಿಸಿ, ಪರೀಕ್ಷೆ ಮಾಡಿ ಕೊಡೋ ಔಷಧಿ ಅದು. ಕದ್ದು ಕೊಟ್ಟರೆ ಜೀವಕ್ಕೇ ಅಪಾಯ. ಅವಳ ಮೇಲೆ ನನಗೆ ಬೇಜಾರಿಲ್ಲ. ದಾರಿ ಕಾಣದೆ ಮಾಡಿದಳು. ಆಮೇಲೆ 2016ರಲ್ಲಿ ನಾನೇ ಹಠಕ್ಕೆ ಬಿದ್ದು ಒಂದೇ ಏಟಿಗೆ ನಿಲ್ಲಿಸಿದೆ. ಎರಡನೇ ದಿನ ಫಿಟ್ಸ್ ಬಂತು. ಮೂರನೇ ದಿನ ಗೋಡೆ ಮೇಲೆ ಇಲ್ಲದ ಹುಳ ಕಾಣೋಕೆ ಶುರುವಾಯಿತು. ವರ್ಷಗಟ್ಟಲೆ ದಿನಾ ಕುಡಿದ ಮೈ ಹಾಗೆ ತಿರುಗಿ ಬೀಳುತ್ತೆ. ಹಾಗಾಗಿಯೇ ಅಂಥವರು ಡಾಕ್ಟರನ್ನು ಕೇಳದೆ ಬಿಡಬಾರದು. ಶಿವಮೊಗ್ಗದ ಸರ್ಕಾರಿ ಆಸ್ಪತ್ರೆ ಮೆಗ್ಗಾನ್‌ಗೆ ನನ್ನನ್ನು ಕರೆದುಕೊಂಡು ಹೋಗಿದ್ದು ಆಗ.

ಅಲ್ಲಿ ಒಬ್ಬರು ಕೌನ್ಸೆಲರ್ ಇದ್ದರು. ಎಷ್ಟು ಕುಡೀತೀಯ, ಯಾಕೆ ಬಿಡಲ್ಲ, ಹೆಂಡ್ತಿ ಮಕ್ಕಳು ಬೇಡವಾ ಅಂತ ಅಲ್ಲಿವರೆಗೆ ಎಲ್ಲರೂ ಕೇಳಿದ್ದರು. ಅವರು ಕೇಳಿದ್ದು, "ಕುಡಿದಾಗ ನಿಮಗೆ ಏನು ನಿಲ್ಲುತ್ತೆ?" ನಾನು ಸೈಕಲ್ ಸ್ಟ್ಯಾಂಡಿನ ಕಥೆ ಹೇಳಿದೆ. 42 ವರ್ಷದ ಗಂಡಸು, ವಾರ್ಡಿನ ಮಂಚದ ಮೇಲೆ ಕೂತು, ಎಂಟು ವರ್ಷದ ಹುಡುಗನ ಹಾಗೆ ಅತ್ತುಬಿಟ್ಟೆ.

ಬಿಟ್ಟ ಮೇಲೆ ಮಳೆಗಾಲದ ರಾತ್ರಿಗಳಲ್ಲಿ ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ವಿನ್ಸೆಂಟ್ ಫೆಲಿಟ್ಟಿ ಅಂತ ಡಾಕ್ಟರು ತೂಕ ಇಳಿಸುವ ಚಿಕಿತ್ಸೆ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದರಂತೆ. ಕೂತು ಮಾತಾಡಿಸಿದಾಗ ಹಲವರು ಬಾಲ್ಯದಲ್ಲಿ ಅನುಭವಿಸಿದ್ದ, ಯಾರಿಗೂ ಹೇಳದ ಹಿಂಸೆ ಹೊರಗೆ ಬಂತು. ಆಮೇಲೆ ಅವರೂ ರಾಬರ್ಟ್ ಆಂಡಾ ಅನ್ನುವ ಇನ್ನೊಬ್ಬ ಡಾಕ್ಟರೂ ಸೇರಿ 17,000ಕ್ಕೂ ಹೆಚ್ಚು ಜನರ ಬಾಲ್ಯದ ಬಗ್ಗೆ ಕೇಳಿದರು. ಹೊಡೆತ ಇತ್ತಾ, ಅಮ್ಮನ ಮೇಲೆ ಕೈ ಮಾಡುತ್ತಿದ್ದರಾ, ಮನೆಯಲ್ಲಿ ಕುಡಿಯುವವರು ಇದ್ದರಾ, ಹೀಗೆ. 1998ರಲ್ಲಿ ಅದರ ಮೊದಲ ಲೆಕ್ಕ ಬಂತು. ಅಂಥ ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಬಗೆಯ ನೋವು ಉಂಡವರಿಗೆ ಕುಡಿತ, ಡ್ರಗ್ಸ್, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನ, ಇವುಗಳ ಅಪಾಯ ಏನೂ ಇಲ್ಲದವರಿಗಿಂತ 4ರಿಂದ 12 ಪಟ್ಟು ಹೆಚ್ಚು. ಓದುತ್ತಾ ಬೆರಳು ಮಡಿಸಿ ಎಣಿಸಿದೆ. ಮೊದಲು ನನ್ನವು. ಆಮೇಲೆ ನಿನ್ನವು. ನಿನ್ನ ಲೆಕ್ಕದಲ್ಲಿ ಮಡಿಸಿದ ಒಂದೊಂದು ಬೆರಳೂ ನಾನು ಕೊಟ್ಟಿದ್ದು.

ಹಣೆಬರಹ ಅಂದುಕೊಳ್ಳಬೇಡ. ಈ ಲೆಕ್ಕ ಗುಂಪಿನದು, ಒಬ್ಬೊಬ್ಬರ ಭವಿಷ್ಯ ಹೇಳೋಕೆ ಬಳಸಬೇಡಿ ಅಂತ ಆಂಡಾ ಅವರೇ ಮುಂದೆ ಎಚ್ಚರಿಸಿದ್ದಾರೆ. ನಿನ್ನ ಅತ್ತೆಯನ್ನೇ ನೋಡು. ಅದೇ ಕೊಟ್ಟಿಗೆ, ಅದೇ ಹುಲ್ಲಿನ ಹಿಂದೆ ಕೂತವಳು. ಹನಿ ಮುಟ್ಟಲಿಲ್ಲ. ಆದರೆ ಅವಳು ಒಂದು ಗಳಿಗೆ ಸುಮ್ನೆ ಕೂತಿದ್ದನ್ನು ನೀನು ನೋಡಿದ್ದೀಯಾ? ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ. ಅವಳದೂ ಅದೇ ಕಿವಿ ಅಂತ ನನ್ನ ನಂಬಿಕೆ.

ಇನ್ನೊಂದು ಓದಿದ್ದು ನನ್ನ ಮನಸ್ಸಿನಲ್ಲಿ ಹಾಗೇ ಕೂತುಬಿಟ್ಟಿದೆ. 1971ರಲ್ಲಿ ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಅಮೆರಿಕದ ಸೈನಿಕರಲ್ಲಿ ಸುಮಾರು ಐದು ಜನಕ್ಕೆ ಒಬ್ಬರು ಅಲ್ಲಿ ಹೆರಾಯಿನ್ ಚಟಕ್ಕೆ ಬಿದ್ದಿದ್ದರು. ಅವರನ್ನು ಲೀ ರಾಬಿನ್ಸ್ ಅನ್ನುವ ಸಂಶೋಧಕಿ ಹುಡುಕಿ ಮಾತಾಡಿಸಿದರು. ಅಲ್ಲಿ ಚಟ ಹತ್ತಿದ್ದವರಲ್ಲಿ, ಊರಿಗೆ ಬಂದ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು 100ಕ್ಕೆ ಸುಮಾರು 5 ಜನ. ಆ ಭಯದ ಜಾಗ ಬಿಟ್ಟು ತಮ್ಮ ಮನೆ, ತಮ್ಮ ಜನರ ಹತ್ತಿರ ಬಂದರು, ಬಹಳಷ್ಟು ಜನರಿಗೆ ಅದು ಬಿಟ್ಟು ಹೋಯಿತು. ಇದನ್ನು ಓದಿದ ರಾತ್ರಿ ನನಗೆ ಅಜ್ಜ ನೆನಪಾದ. ಅವನು ವಾಪಸ್ ಹೋಗಬೇಕಾದ ಊರು ನೀರಿನ ಕೆಳಗಿತ್ತು. ಅವನು ಎಲ್ಲಿಗೆ ಹೋಗಬೇಕಿತ್ತು ಹೇಳು?

ನಿನ್ನ ವಿಷಯಕ್ಕೆ ಬರುತ್ತೇನೆ. ಯಾರೋ ಹುಡುಗರ ಜೊತೆ ನಡುರಾತ್ರಿ ಹೆಲ್ಮೆಟ್ ಇಲ್ಲದೆ ಹೈವೇಯಲ್ಲಿ ಬೈಕಿನಲ್ಲಿ ಹೋಗುತ್ತೀಯಂತೆ. "ಜೋರಾಗಿ ಹೋದಾಗ ತಲೆ ಖಾಲಿಯಾಗುತ್ತೆ" ಅಂದೆ. ಅದನ್ನು ಕೇಳಿ ನನ್ನ ಬೆನ್ನು ತಣ್ಣಗಾಯಿತು. ಯಾಕೆಂದರೆ ನಾನೂ ಮಳೆಯಲ್ಲಿ, ಕತ್ತಲಲ್ಲಿ, ಹುಲಿಕಲ್ ಘಾಟಿಯಲ್ಲಿ ಲೈಟ್ ಆರಿಸಿಕೊಂಡು ಬೈಕ್ ಇಳಿಸಿದ್ದೇನೆ. ಸಾಯಬೇಕು ಅಂತಲ್ಲ. ಹೊರಗೆ ದೊಡ್ಡ ಭಯ ಇದ್ದಾಗ ಒಳಗಿನ ಭಯ ಕೇಳಿಸುತ್ತಿರಲಿಲ್ಲ. ಬಾಟಲಿ ಮಾಡುವ ಕೆಲಸವನ್ನೇ ಆ ತಿರುವುಗಳೂ ಮಾಡುತ್ತಿದ್ದವು. ಅದು ನಿನಗೆ ಅರ್ಥವಾಗುತ್ತೆ, ಅಲ್ವಾ?

ಮಾರ್ಕ್ಸ್ ಕಾರ್ಡು, ಫ್ರೆಂಡ್ಸು, ಬೆಂಗಳೂರು, ಇವನ್ನೆಲ್ಲ ನಾನು ಕೇಳೋದಿಲ್ಲ. ಮೆಗ್ಗಾನ್‌ನಲ್ಲಿ ನನ್ನನ್ನು ಕೇಳಿದ್ದನ್ನೇ ನಿನ್ನನ್ನೂ ಕೇಳುತ್ತೇನೆ. ಕುಡಿದಾಗ ನಿನಗೆ ಏನು ನಿಲ್ಲುತ್ತೆ? ನನಗೆ ಹೇಳಲೇಬೇಕು ಅಂತಿಲ್ಲ. ಆದರೆ ನಿನಗೆ ಗೊತ್ತಿರಲಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಮಾತು ಕೇಳಿದ ಮೇಲೆ ಬೇಕು ಅನ್ನಿಸುತ್ತೆ ಅಂತ ಒಂದು ವಾರ ಬರೆದಿಡು. ನಿದ್ದೆಯ ಬಗ್ಗೆ ಒಂದೇ ಮಾತು. ಕುಡಿತ ಬೇಗ ನಿದ್ದೆ ಹತ್ತಿಸುತ್ತೆ ನಿಜ. ಆದರೆ ಅರ್ಧ ರಾತ್ರಿ ಕಳೆದ ಮೇಲೆ ಅದೇ ನಿದ್ದೆ ಕೆಡಿಸುತ್ತೆ. ಎರಡು ಗಂಟೆಗೆ ಎಚ್ಚರಾಗಿ ಎದೆ ಹೊಡೆದುಕೊಳ್ಳುತ್ತೆ ಅಂದೆಯಲ್ಲ, ಅದು ಅದೇ. ನಮ್ಮ ಮನೆಯ ರಕ್ತದಲ್ಲೂ ಇದರ ಒಂದು ಪಾಲು ಇದೆ. ನಿನ್ನ ಗೆಳತಿಗೆ ಆಟದಂತೆ ಬಂದು ಹೋಗೋದು ನಿನ್ನಲ್ಲಿ ಗಟ್ಟಿಯಾಗಿ ಕೂರಬಹುದು.

ನಾಲ್ಕು ತಿಂಗಳು ಜಾಸ್ತಿ ಏನಲ್ಲ. ನಾನು 23 ವರ್ಷ ಕಾದೆ, ನೀನು ನಾಲ್ಕೇ ತಿಂಗಳಿಗೆ ಬಾಯಿ ಬಿಟ್ಟು ಹೇಳಿದೆ. ನನಗಿಂತ ನಿನಗೆ ಧೈರ್ಯ ಇದೆ. 14416ಕ್ಕೆ ಫೋನ್ ಮಾಡಬಹುದು. ಟೆಲಿ ಮನಸ್ ಅಂತ, ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಇರೋ ಫೋನ್ ಸೇವೆ, 2022ರ ಅಕ್ಟೋಬರಿನಲ್ಲಿ ಸರ್ಕಾರ ಶುರು ಮಾಡಿದ್ದು. ದುಡ್ಡಿಲ್ಲ, ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಹಾನ್ಸ್‌ನಲ್ಲಿ ವ್ಯಸನದ ಚಿಕಿತ್ಸೆಗೆ ಅಂತಲೇ ಬೇರೆ ವಿಭಾಗ ಇದೆ. ಕಾಲೇಜಿಗೆ ಗೊತ್ತಾಗುತ್ತೆ ಅಂತ ಹೆದರಬೇಡ. ಚಿಕಿತ್ಸೆಯ ವಿಷಯ ಗುಟ್ಟಾಗಿ ಇಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಒಬ್ಬಳೇ ಹೋಗೋಕೆ ಮನಸ್ಸಿಲ್ಲದಿದ್ದರೆ ನಾನು ಜೊತೆಗೆ ಬರುತ್ತೇನೆ. ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ, ಒಳಗೆ ಏನು ಮಾತಾಡಿದೆ ಅಂತ ಕೇಳೋದಿಲ್ಲ.

ಇನ್ನೊಂದು ವಿಷಯ ಇದೆ ಪುಟ್ಟಿ. ಹತ್ತು ವರ್ಷದಿಂದ ಕೇಳಬೇಕು ಅಂತ ಇದ್ದೇನೆ.

2015ರ ಆಷಾಢ. ನಿನಗೆ 11 ವರ್ಷ. ಕರೆಂಟ್ ಇರಲಿಲ್ಲ. ನಿನ್ನ ಅಮ್ಮ ತವರಿಗೆ ಹೋಗಿದ್ದಳು. ನಾನು ಬಂದು ಅಂಗಳದಲ್ಲೇ ಬಿದ್ದೆ. ಏಳೋಕೆ ಆಗಲಿಲ್ಲ. ಮಳೆ ಹೊಡೆಯುತ್ತಿತ್ತು. ಎಚ್ಚರ ಬಂದಾಗ ನನ್ನ ಮುಖದ ಮೇಲೆ ನೀರು ಬೀಳುತ್ತಿರಲಿಲ್ಲ. ಕಣ್ಣು ಬಿಟ್ಟರೆ, ನೀನು ನನ್ನ ತಲೆ ಹತ್ತಿರ ಕುಕ್ಕರುಗಾಲಲ್ಲಿ ಕೂತು ಕೊಡೆ ಹಿಡಿದಿದ್ದೆ. ಕೊಡೆ ಪೂರ್ತಿ ನನ್ನ ಮೇಲಿತ್ತು. ನಿನ್ನ ಬೆನ್ನು, ಜಡೆ ಎಲ್ಲಾ ತೊಪ್ಪೆಯಾಗಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆಯೋ. ಬೆಳಿಗ್ಗೆ ನಾನು ಏನೂ ಆಗಿಲ್ಲ ಅನ್ನೋ ಹಾಗೆ ಕಾಫಿ ಕೇಳಿದೆ. ನೀನು ತಂದುಕೊಟ್ಟು ಸ್ಕೂಲಿಗೆ ಹೋದೆ. ಅವತ್ತಿಂದ ಇವತ್ತಿನವರೆಗೆ ನಾವಿಬ್ಬರೂ ಅದರ ಬಗ್ಗೆ ಒಂದು ಮಾತಾಡಿಲ್ಲ. ನನ್ನ ಬೈಕಿನ ಸದ್ದಿಗೆ ನೀನೂ ಕಾಯುತ್ತಿದ್ದೆಯಾ? ಯಾವ ಸದ್ದಿಗೆ ಏನು ಅಂತ ನೀನೂ ಲೆಕ್ಕ ಇಟ್ಟಿದ್ದೆಯಾ? ತಪ್ಪಾಯಿತು ಮಗಳೇ. ನಿನ್ನ ವಯಸ್ಸಿನ ಮಗು ಮಾಡಬೇಕಾದ ಕೆಲಸ ಅಲ್ಲ ಅದು. ನಿನ್ನನ್ನು ಅಲ್ಲಿ ಕೂರಿಸಿದ್ದು ನಾನು.

ಗುರುವಾರ ರಾತ್ರಿ ಬಸ್ಸಿಗೆ ಹೊರಡುತ್ತೇನೆ. ಅಡಿಕೆ ಬೇಯಿಸೋ ಕೆಲಸ ಅತ್ತೆ ನೋಡಿಕೊಳ್ಳುತ್ತಾಳೆ. ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕೊಡುತ್ತಾಳೆ, ಅವಳಿಗೆ ಎಷ್ಟು ಹೇಳಬೇಕು ಅನ್ನೋದು ನಿನಗೆ ಬಿಟ್ಟಿದ್ದು. ಅಲ್ಲಿವರೆಗೆ ಫೋನ್ ದಿಂಬಿನ ಹತ್ತಿರ ಇಟ್ಟುಕೊಂಡು ಮಲಗುತ್ತೇನೆ. ಎರಡು ಗಂಟೆಗೆ ಎಚ್ಚರವಾದರೆ ಮಾಡು. ಈ ಸಲ ಊಟ ಆಯ್ತಾ ಅಂತ ಕೇಳಿ ಇಡೋದಿಲ್ಲ.

ಆ ಕೊಡೆ ನೀಲಿ ಬಣ್ಣದ್ದು ಅಂತ ನನ್ನ ನೆನಪು. ಸರಿಯಾ? ಬಂದಾಗ ಹೇಳು.

ನಿನ್ನ,
ಅಪ್ಪಯ್ಯ