ಸಚಿವರೇ, "ರಕ್ತ ಕಮ್ಮಿ" ಅಂತ ಬರೆದು ಕಳಿಸಿದರೆ ಮುಗೀತಾ?

ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ನನ್ನ ಅಣ್ಣ ಬೋಟಿಗೆ ಹೋಗುವವನು. ಊರು ಹೇಳೋದಿಲ್ಲ, ಕಾರವಾರದಿಂದ ಭಟ್ಕಳದವರೆಗಿನ ಬೋಟು ನಿಲ್ಲುವ ಯಾವುದೋ ಒಂದು ದಕ್ಕೆ ಅಂದುಕೊಳ್ಳಿ. ಅವನಿಗೆ ಎಚ್‌ಐವಿ ಇದೆ. ಎಂಟು ವರ್ಷದಿಂದ ತಪ್ಪದೆ ಎಆರ್‌ಟಿ ಮಾತ್ರೆ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆ) ನುಂಗಿಕೊಂಡು, ಬಲೆ ಎಳೆದುಕೊಂಡು ಆರಾಮಾಗಿಯೇ ಇದ್ದ. ಹೋದ ಮಳೆಗಾಲ ಮುಗಿದ ಮೇಲೆ ಐಸ್ ಬುಟ್ಟಿ ಎತ್ತಿ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಉಗುರೆಲ್ಲ ಸುಲಿದ ಸಿಗಡಿ ಹಾಗೆ ಬಿಳುಚಿಕೊಂಡಿತ್ತು.

ಒಂದು ಸರ್ಕಾರಿ ಆಸ್ಪತ್ರೆಗೆ ಹೋದೆವು. "ರಕ್ತ ಪರೀಕ್ಷೆಯ ಕೆಮಿಕಲ್ ಖಾಲಿ, ಸೋಮವಾರ ಬನ್ನಿ" ಅಂದರು. ಸೋಮವಾರ ಹಿಮೋಗ್ಲೋಬಿನ್ 7.6 ಬಂತು. ಗಂಡಸರಿಗೆ 13 ಆದರೂ ಇರಬೇಕು. ಚೀಟಿಯಲ್ಲಿ "ರಕ್ತ ಕಮ್ಮಿ" ಅಂತ ಬರೆದು, ಐರನ್ ಮಾತ್ರೆ ಕೊಟ್ಟು, ಬೀಟ್‌ರೂಟ್ ತಿನ್ನಿ ಅಂದರು. ಅಷ್ಟೇ. (ಹತ್ತು ಜನರ ಎದುರು ಅವನ ಎಆರ್‌ಟಿ ಪುಸ್ತಕ ಎತ್ತಿ ಹಿಡಿದು ಹೆಸರು ಕೂಗಿದ್ದು ಬೇರೆ. ಒಪ್ಪಿಗೆ ಇಲ್ಲದೆ ಯಾರ ಎಚ್‌ಐವಿ ವಿಷಯವನ್ನೂ ಹೊರಗೆ ಹೇಳಬಾರದು ಅಂತ 2017ರ ಕಾಯ್ದೆಯೇ ಇದೆ, ಅಲ್ವಾ?)

ಅಣ್ಣ ಆ ಐರನ್ ಮಾತ್ರೆಯನ್ನು ಎಆರ್‌ಟಿ ಮಾತ್ರೆ ಜೊತೆಗೇ ಖಾಲಿ ಹೊಟ್ಟೆಯಲ್ಲಿ ನುಂಗುತ್ತಿದ್ದ. ಅವನ ಎಆರ್‌ಟಿ ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಅನ್ನೋ ಔಷಧಿ ಇದೆ, ಹಾಗೆ ತಗೊಂಡರೆ ಅದು ಮೈಗೆ ಸರಿಯಾಗಿ ಹತ್ತೋದಿಲ್ಲ. ಎರಡನ್ನೂ ಊಟದ ಜೊತೆ ತಗೊಳ್ಳಬೇಕು, ಇಲ್ಲಾಂದ್ರೆ ಐರನ್‌ಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ಬಿಟ್ಟು ಎಆರ್‌ಟಿ ಮಾತ್ರೆ ತಗೊಳ್ಳಬೇಕು. ಇಷ್ಟು ಹೇಳೋಕೆ ಎಷ್ಟು ಹೊತ್ತು ಬೇಕಿತ್ತು?

ಕೊನೆಗೆ ಇನ್ನೊಂದು ಕಡೆ ಕಫ ಪರೀಕ್ಷೆ ಮಾಡಿಸಿದಾಗ ಟಿಬಿ ಸಿಕ್ಕಿತು. ಎಚ್‌ಐವಿ ಇರುವವರಿಗೆ ರಕ್ತ ಕಮ್ಮಿಯಾಗೋಕೆ ಊಟ ಒಂದೇ ಕಾರಣ ಅಲ್ಲ. ಟಿಬಿ ಇರಬಹುದು, ಕೊಕ್ಕೆಹುಳ ಇರಬಹುದು, ಜಿಡೊವುಡಿನ್ ಅನ್ನೋ ಹಳೆಯ ಮಾತ್ರೆ ಮೂಳೆಮಜ್ಜೆಯಲ್ಲಿ ರಕ್ತ ಆಗೋದನ್ನೇ ತಡೆಯೋದೂ ಉಂಟು, ವೈರಸ್ಸೇ ಕಾರಣ ಆಗೋದೂ ಉಂಟು. ಕಾರಣ ಹುಡುಕದೆ ಸುಮ್ನೆ ಬೀಟ್‌ರೂಟ್ ತಿನ್ನಿಸಿದರೆ ಏನು ಬಂತು?

ಹೊಸ ಕಟ್ಟಡ ಬೇಡ. ಮಾತ್ರೆ ತಗೊಳ್ಳೋಕೆ ಬಂದ ದಿನವೇ, ತಾಲೂಕಿನಲ್ಲೇ ಹಿಮೋಗ್ಲೋಬಿನ್ ನೋಡಲಿ. ಕಮ್ಮಿ ಇದ್ದರೆ ಅವತ್ತೇ ಟಿಬಿ ಪರೀಕ್ಷೆಯೂ ಆಗಲಿ. ಶಿರಸಿಯವರು ದೇವಿಮನೆ ಘಾಟಿ ಇಳಿದು ಕಾರವಾರಕ್ಕೆ ಬಂದು ಹೋಗೋದು ಅಂದರೆ ಒಂದು ದಿನದ ಕೂಲಿ ಹೋದಂಗೆ. ಐರನ್ ಮಾತ್ರೆ ಕೊಡುವ ಕವರ್ ಮೇಲೆ ಹೊತ್ತಿನ ಲೆಕ್ಕವನ್ನು ಕನ್ನಡದಲ್ಲಿ ಬರೆದುಕೊಡಲಿ.

ಅಣ್ಣನದ್ದು ಈಗ 10.4. ಬೋಟಿಗೆ ಇನ್ನೂ ಹೋಗಿಲ್ಲ, ದಕ್ಕೆಯಲ್ಲಿ ಕೂತು ಬಲೆ ಹೊಲಿಯುತ್ತಾನೆ. ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಮುಂದಿನ ಕೆಡಿಪಿ ಸಭೆಯಲ್ಲಿ ನೀವು ಒಂದೇ ಒಂದು ಪ್ರಶ್ನೆ ಕೇಳಿ: ಯಾವ ತಾಲೂಕಿನ ಲ್ಯಾಬಿನಲ್ಲಿ ಎಷ್ಟು ದಿನ ಕೆಮಿಕಲ್ ಇರಲಿಲ್ಲ?

ಇಂತಿ,
ಹೆಸರು ಹಾಕಲಾಗದ ಒಬ್ಬ ತಂಗಿ